ಮಂಗಳವಾರದ ಪ್ರಸಾದ

ಇಗರ್ಜಿಯ ಗೇಟಿನ ಹೊರಗೆ ಮೇಣದಬತ್ತಿ, ಮಲ್ಲಿಗೆ ಮಾರುತ್ತಿದ್ದ ಚನಿಯಪ್ಪನ ಹತ್ತಿರ ನಿಖಿತಾ ಒಂದು ತುಂಡು ಬಾಳೆಲೆ ಕೇಳಿದಳು.

"ಎಲೆ ಎಂತಕ್ಕೆ?"

"ಪ್ರಸಾದ ಕಟ್ಟಿಕೊಳ್ಳಲಿಕ್ಕೆ. ಅಮ್ಮ ಆಸ್ಪತ್ರೆಯಲ್ಲಿದ್ದಾರೆ."

"ನೀವು ಪೊರ್ಬುಗಳಲ್ಲ, ಕ್ರಿಸ್ತಾನರಲ್ಲ ಅಲ್ವಾ? ನಾನೂ ಅಲ್ಲ. ಮಂಗಳವಾರ ಇಲ್ಲಿ, ಶುಕ್ರವಾರ ದೇವಿಯ ಗುಡಿ ಎದುರು. ದೇವರಿಗಾದರೂ ಬಾಗಿಲು ಹಾಕಿ ಮಲಗುದು ಉಂಟು, ನನಗೆ ಅದೂ ಇಲ್ಲ ಮಾರಾಯ್ತಿ." ಬುಟ್ಟಿಯ ತಳದಿಂದ ಎಲೆ ಹರಿದು ನೀರು ಕೊಡವಿ ಕೊಟ್ಟ. "ಕಡೆಗೆ ಎಲ್ಲ ಸಾಲು ನಿಲ್ತಾರೆ. ಫಾದರ್ ಕೈಗೆ ಕೊಡ್ತಾರೆ, ಬೆಳ್ಳಗೆ ಎಂತದೋ. ನಾನು ಬಾಗಿಲಿನಿಂದ ನೋಡಿದ್ದು ಅಷ್ಟೇ."

ನಿಖಿತಾಳ ಅಮ್ಮನ ಹೆಸರು ಅಕ್ಕು. ಅವಳನ್ನು ಕಡಬದಿಂದ ಪುತ್ತೂರಿನ ಆಸ್ಪತ್ರೆಗೆ ತಂದು ಎಂಟು ದಿನವಾಗಿತ್ತು. ಜ್ವರ ಬಿಟ್ಟಿತ್ತು, ಆದರೆ ಮೂರು ದಿನದಿಂದ ಅಕ್ಕು ಬಾಯಿಯನ್ನೇ ತೆರೆದಿರಲಿಲ್ಲ. ನರ್ಸುಗಳು ಬೇಡಿದರು. ಜೊತೆಗೆ ಬಂದಿದ್ದ ನೆರೆಮನೆಯ ಈಶ್ವರಕ್ಕ ಗದರಿದಳು. ಗಂಜಿಯ ಚಮಚ ತುಟಿಗೆ ತಾಗಿದರೆ ಅಕ್ಕು ಗೋಡೆಯ ಕಡೆ ತಿರುಗುತ್ತಿದ್ದಳು. ನಾಳೆ ಬೆಳಿಗ್ಗೆಯೊಳಗೆ ಹೊಟ್ಟೆಗೆ ಏನೂ ಹೋಗದಿದ್ದರೆ ಮೂಗಿನಿಂದ ನಳಿಕೆ ಹಾಕಬೇಕು ಎಂದು ಡಾಕ್ಟರು ಹೇಳಿಹೋದರು.

ಇವತ್ತು ಮಧ್ಯಾಹ್ನ ಅಕ್ಕು ತಾನಾಗಿಯೇ ಮಾತಾಡಿದಳು.

"ಮಂಗಳವಾರ ಅಲ್ವಾ? ಅಂತೋನಿ ದೇವರ ಪ್ರಸಾದ ತಾ. ಅದಾದರೆ ತಿಂತೇನೆ."

ನಿಖಿತಾ ಹೊಟ್ಟೆಯಲ್ಲಿದ್ದಾಗ ಅಕ್ಕುವಿಗೆ ನೀರೂ ನಿಲ್ಲುತ್ತಿರಲಿಲ್ಲವಂತೆ. ಪಕ್ಕದ ಮನೆಯ ಸೆವ್ರಿನ್ ಬಾಯಮ್ಮ ಇಗರ್ಜಿಯಿಂದ ತಂದುಕೊಟ್ಟದ್ದು ಮಾತ್ರ ಹೊಟ್ಟೆಯಲ್ಲಿ ನಿಂತಿತಂತೆ. ಈ ಕಥೆಯನ್ನು ನಿಖಿತಾ ಎಷ್ಟೋ ಸಲ ಕೇಳಿದ್ದಳು. ಬಾಯಮ್ಮ ತಂದದ್ದು ಏನು ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಬಾಯಮ್ಮ ತೀರಿಹೋಗಿ ನಾಲ್ಕು ವರ್ಷ. ಅಮ್ಮನನ್ನು ಕೇಳೋಣವೆಂದರೆ ಅವಳು ಆಗಲೇ ಗೋಡೆಗೆ ಮುಖ ಮಾಡಿದ್ದಳು.

ನಿಖಿತಾ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಉಳಿದವರೆಲ್ಲ ಚಪ್ಪಲಿ ಹಾಕಿಕೊಂಡೇ ಕೂತಿದ್ದರು. ಕೊನೆಯ ಬೆಂಚಿನಲ್ಲಿ ಕುಳಿತು ಎಲ್ಲರೂ ಎದ್ದ ಮೇಲೆ ಎದ್ದಳು, ಎಲ್ಲರೂ ಮೊಣಕಾಲೂರಿದ ಮೇಲೆ ಊರಿದಳು. ಕೊಂಕಣಿಯ ಪ್ರಾರ್ಥನೆಯಲ್ಲಿ ಅವಳಿಗೆ ತಿಳಿದದ್ದು ಅಲ್ಲೊಂದು ಇಲ್ಲೊಂದು ಮಾತು. ನಡುವೆ ಸಣ್ಣ ಗಂಟೆಯೊಂದು ಕೇಳಿಸಿತು. ಅಷ್ಟು ಜನರೂ ಒಮ್ಮೆಗೇ ಸುಮ್ಮನಾದರು. ದೇವಸ್ಥಾನದಲ್ಲಿ ಗಂಟೆ ಬಾರಿಸಿದರೆ ಸದ್ದು ಏರುತ್ತದೆ, ಇಲ್ಲಿ ಇಳಿಯಿತು. ಆ ಮೌನ ಅವಳಿಗೆ ಹಿಡಿಸಿತು. ಅದರೊಳಗೆ ಏನಾದರೂ ಬೇಡಿಕೊಳ್ಳಬೇಕು ಅನ್ನಿಸಿತು. ಇಲ್ಲಿಯ ದೇವರನ್ನು ಏನೆಂದು ಕರೆಯುವುದೆಂದು ಯೋಚಿಸುವಷ್ಟರಲ್ಲಿ ಜನ ಎದ್ದುಬಿಟ್ಟರು.

ಸಾಲು ಬಂತು. ಅವಳೂ ನಿಂತಳು. ಎಡಗೈ ಮೇಲೆ ಬಲಗೈ ಇಟ್ಟು ತೀರ್ಥಕ್ಕೆ ಒಡ್ಡುವಂತೆ ಒಡ್ಡಿದಳು. ಫಾದರ್ ಎರಡು ಮಾತು ಹೇಳಿದರು, ಒಂದು ಗಳಿಗೆ ಅವಳ ಉತ್ತರಕ್ಕೆ ಕಾದಂತೆ ಕಂಡಿತು. ಅವಳು ತಲೆ ಬಾಗಿಸಿದಳು. ಅಂಗೈಗೆ ತೆಳ್ಳಗಿನ ಬಿಳಿ ಬಿಲ್ಲೆ ಬಿತ್ತು. ಭಾರವೇ ಇರಲಿಲ್ಲ. ಅವಳು ಬೆಂಚಿಗೆ ಬಂದು ಅದನ್ನು ಬಾಳೆಲೆಯಲ್ಲಿ ಮಡಚಿ ಬಾಗಿಲು ದಾಟಿದಳು.

"ಮಗಾ, ನಿಲ್ಲು."

ಬಿಳಿ ಸೀರೆಯ ಸಿಸ್ಟರೊಬ್ಬರು ಏದುಸಿರು ಬಿಡುತ್ತ ಹಿಂದೆಯೇ ಬಂದಿದ್ದರು.

"ಅದನ್ನು ಇಲ್ಲೇ ತಿನ್ನಬೇಕು. ಕೊಂಡುಹೋಗಲಿಕ್ಕಿಲ್ಲ."

"ನನಗಲ್ಲ ಸಿಸ್ಟರ್. ಅಮ್ಮನಿಗೆ. ಮೂರು ದಿನದಿಂದ ಏನೂ ತಿನ್ನುದಿಲ್ಲ, ಇದಾದರೆ ತಿಂತೇನೆ ಅಂತ ಹೇಳಿದ್ದಾರೆ."

"ನೀವು ಕ್ರಿಸ್ತಾನರಾ?"

"ಅಲ್ಲ."

ಸಿಸ್ಟರ್ ಕಣ್ಣು ಮುಚ್ಚಿ ತೆರೆದರು. ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು ಎಂದು ನಿಖಿತಾಳಿಗೆ ಅನ್ನಿಸಿತು, ಆಗ ಏನಾದರೂ ಎದುರು ಹೇಳಬಹುದಿತ್ತು.

"ಹಾಗಾದರೆ ಅದನ್ನು ನನಗೆ ಕೊಡಬೇಕು, ಮಗಾ."

"ಕೊಟ್ಟ ಪ್ರಸಾದವನ್ನು ವಾಪಸ್ ಕೊಡುದು ಹೇಗೆ? ಅಮ್ಮನಿಗೆ ದೋಷ ಬರುದಿಲ್ವಾ?"

"ನಮಗೆ ಇದು ಪ್ರಸಾದ ಅಲ್ಲ. ಇದು ದೇವರೇ. ನಾನು ಬಿಟ್ಟುಕೊಟ್ಟರೆ ದೋಷ ನನಗೆ."

ಇಬ್ಬರ ನಡುವೆ ಎಲೆ ಇತ್ತು. ನಿಖಿತಾ ಕೊಡಲಿಲ್ಲ, ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ಸಿಸ್ಟರ್ ಮೆಲ್ಲಗೆ ಅದನ್ನು ಬಿಡಿಸಿ, ಬಿಲ್ಲೆಯನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಕೈಮುಗಿದು ನಿಂತರು. ಆಮೇಲೆ ಎಲೆಯನ್ನು ಬೆಳಕಿಗೆ ಹಿಡಿದು ಚೂರು ಉಳಿದಿದೆಯೇ ಎಂದು ನೋಡಿ, ಎಲೆಯನ್ನೂ ತಾವೇ ಇಟ್ಟುಕೊಂಡರು.

ನಿಖಿತಾ ಅವರ ಗಂಟಲನ್ನೇ ನೋಡುತ್ತಿದ್ದಳು. ಅಮ್ಮನ ತುತ್ತು ಅಲ್ಲಿಂದ ಇಳಿದುಹೋಯಿತು.

ಸೆವ್ರಿನ್ ಬಾಯಮ್ಮನ ಕಥೆ ಕೇಳಿ ಸಿಸ್ಟರ್ ಹೇಳಿದರು, "ಅವರು ಕೊಟ್ಟದ್ದು ಬನ್ನು ಇರಬೇಕು. ಸಂತ ಅಂತೋನಿಯ ಹಬ್ಬಕ್ಕೆ ಮಂತ್ರಿಸಿ ಹಂಚುದು. ಅದು ಜೂನ್‌ನಲ್ಲಿ."

ಇದು ನವೆಂಬರ್.

"ನೊವೆನಾ ಪ್ರಾರ್ಥನೆ ಮುಗಿಯುವ ತನಕ ಕೂತುಕೋ. ಫಾದರ್ ಹತ್ತಿರ ಬ್ರೆಡ್ ಮಂತ್ರಿಸಿ ಕೊಡಿಸ್ತೇನೆ."

"ಎಷ್ಟು ಹೊತ್ತಾಗ್ತದೆ?"

"ಮುಕ್ಕಾಲು ಗಂಟೆ."

ಆರೂವರೆಯ ಕಡಬ ಬಸ್ಸಿಗೆ ಈಶ್ವರಕ್ಕ ಹೊರಡಬೇಕಿತ್ತು. ಆಮೇಲೆ ಅಮ್ಮನ ಹತ್ತಿರ ಯಾರೂ ಇಲ್ಲ. ನಿಖಿತಾ ತಲೆಯಾಡಿಸಿ ಮೆಟ್ಟಿಲಿಳಿದಳು.

ಆಸ್ಪತ್ರೆಯ ದಾರಿಯಲ್ಲಿ ಬೇಕರಿಯೊಂದು ಸಿಕ್ಕಿತು. ಕೌಂಟರಿನಲ್ಲಿದ್ದ ಜಾಸಿರ್, "ಒಂದೇ ಬನ್ನಾ? ರೋಗಿಗಾದರೆ ಬ್ರೆಡ್ ಕೊಂಡೋಗಿ ಅಕ್ಕಾ, ಇದು ಬೆಳಿಗ್ಗೆಯದ್ದು, ಹಲ್ಲಿಗೆ ಪರೀಕ್ಷೆ" ಅಂದ.

"ಬನ್ನೇ ಬೇಕು" ಅಂದಳು.

ವಾರ್ಡಿನ ಬಾಗಿಲಲ್ಲೇ ಈಶ್ವರಕ್ಕ ಚೀಲ ಹೆಗಲಿಗೇರಿಸಿ ನಿಂತಿದ್ದಳು.

"ಸಿಕ್ಕಿತಾ?"

ಅಮ್ಮ ಗೋಡೆಯಿಂದ ಈ ಕಡೆ ತಿರುಗಿದ್ದು ನಿಖಿತಾಳಿಗೆ ಕಂಡಿತು. ಇಲ್ಲ ಎಂದು ಹೇಳಲು ತೆರೆದ ಬಾಯಿಂದ "ಸಿಕ್ಕಿತು" ಎಂದು ಬಂತು.

"ನನಗೂ ಒಂದು ಚೂರು ಕೊಡು. ದೇವರದ್ದು ಅಲ್ವಾ, ಯಾರದ್ದಾದರೆ ಎಂತ?" ಈಶ್ವರಕ್ಕ ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿ, ಬಸ್ಸು ಹಿಡಿಯಲು ಓಡಿದಳು.

ಮಂಚದ ಹತ್ತಿರ ನಿಖಿತಾ ಒಬ್ಬಳೇ ಉಳಿದಳು. ಅಕ್ಕು ಕಣ್ಣು ಮುಚ್ಚಿ ಬಾಯಿ ತೆರೆದಳು. ಮೂರು ದಿನ ಅಷ್ಟು ಜನ ಬೇಡಿದರೂ ತೆರೆಯದ ಬಾಯಿ. ನಾಲಿಗೆ ಬೆಳ್ಳಗೆ ಒಣಗಿತ್ತು. ನಿಜ ಹೇಳಿದರೆ ಅದು ಮುಚ್ಚಿಕೊಳ್ಳುತ್ತದೆ, ಬೆಳಿಗ್ಗೆ ನಳಿಕೆ ಬರುತ್ತದೆ. ನಿಖಿತಾ ಬನ್ನಿನ ಮೆತ್ತಗಿನ ಭಾಗವನ್ನು ಕಡಲೆಕಾಳಿನಷ್ಟು ಚಿವುಟಿ, ನೀರಿನಲ್ಲಿ ಅದ್ದಿ ಒಳಗಿಟ್ಟಳು.

ಅಕ್ಕು ತುಟಿ ಮುಚ್ಚಿದಳು. ದವಡೆ ಒಮ್ಮೆ ಅಲುಗಿತು, ಇನ್ನೊಮ್ಮೆ ಅಲುಗಿತು. ನಿಂತಿತು.

ಅವಳು ಕಣ್ಣು ತೆರೆದು ಮಗಳನ್ನು ನೋಡಿದಳು.

"ಅಮ್ಮಾ, ನುಂಗು" ಅಂದಳು ನಿಖಿತಾ.

ಅಕ್ಕು ನುಂಗಲಿಲ್ಲ, ಉಗುಳಲೂ ಇಲ್ಲ. ಬಾಯಲ್ಲಿ ಅದನ್ನು ಹಾಗೆಯೇ ಇಟ್ಟುಕೊಂಡು ನೋಡುತ್ತಲೇ ಇದ್ದಳು. ಅದು ಪ್ರಸಾದವಲ್ಲವೆಂದು ಅವಳಿಗೆ ಗೊತ್ತಾಯಿತೋ ಇಲ್ಲವೋ ನಿಖಿತಾಳಿಗೆ ತಿಳಿಯಲಿಲ್ಲ. ಕೇಳುವಂತೆಯೂ ಇರಲಿಲ್ಲ. ನೀರಿನ ಲೋಟ ಹಿಡಿದು ಅವಳು ಅಮ್ಮನ ಗಂಟಲನ್ನು ನೋಡುತ್ತ ನಿಂತಳು.