ಬರೆ

ಚಾಮರಾಜನಗರದ ಆ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನ ಮುಂದೆ ಶಿವರಂಜಿನಿ ಅವ್ವನ ಬೆನ್ನಿಗೆ ಅಂಟಿಕೊಂಡಂತೆ ನಿಂತಿದ್ದಳು. ಮೇಲಿನ ವಾರ್ಡಿನಲ್ಲಿ ಅಕ್ಕ ಹರ್ಷಿತಾ ಜ್ವರದಲ್ಲಿ ಬೇಯುತ್ತಿದ್ದಳು. ಗುಂಡ್ಲುಪೇಟೆಯ ಕ್ಲಿನಿಕ್ಕಿನಲ್ಲಿ ಕತ್ತಿನ ಕಲೆ ತೆಗೆಸಿ ಹತ್ತು ದಿನವಾಗಿತ್ತು. ಗಾಯ ಕೀವಾಗಿ ಕಿವಿಯವರೆಗೂ ಊದಿತ್ತು. ಇವತ್ತೇ ಮತ್ತೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ್ದರು.

ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಭಾವ ನಾಗೇಂದ್ರನಿಗೆ ಕೊಟ್ಟಿದ್ದ ಇನ್ಶೂರೆನ್ಸ್ ಕಾರ್ಡನ್ನೇ ಎಲ್ಲರೂ ನಂಬಿ ಬಂದಿದ್ದರು. ಕೌಂಟರಿನ ಮಹದೇವಪ್ರಸಾದ್ ಕಂಪ್ಯೂಟರ್ ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದ. ಕ್ಲಿನಿಕ್ಕಿನ ಚೀಟಿಯಲ್ಲಿ ಹುಟ್ಟುಮಚ್ಚೆ ಎಂದಿದೆ. ಅದನ್ನು ತೆಗೆಸುವುದು ಚೆಂದಕ್ಕೆ. ಚೆಂದಕ್ಕೆ ಮಾಡಿಸಿದ್ದು ಕೆಟ್ಟರೆ ಅದಕ್ಕೂ ಇನ್ಶೂರೆನ್ಸ್ ಬರುವುದಿಲ್ಲ. ಸುಟ್ಟ ಕಲೆಯಾಗಿದ್ದರೆ ಮಾತು ಬೇರೆ ಎಂದ.

ಅವ್ವ ಲಕ್ಷ್ಮಿದೇವಿ ಹಿಂದಕ್ಕೆ ಕೈ ಚಾಚಿ ಮಗಳ ಮಣಿಕಟ್ಟು ಹಿಡಿದಳು.

ಹುಟ್ಟುಮಚ್ಚೆ ಎಂಬ ಮಾತು ಹುಟ್ಟಿದ್ದು ನಾಗೇಂದ್ರನ ಕಡೆಯವರು ಹೆಣ್ಣು ನೋಡಲು ಬಂದ ದಿನ, ಬೇಗೂರಿನ ಇವರ ನಡುಮನೆಯಲ್ಲಿ, ಅವ್ವನ ಬಾಯಲ್ಲಿ. ಏಳು ವರ್ಷದ ಅಕ್ಕನಿಗೆ ಫಿಟ್ಸ್ ಬಂದಾಗ ಅಜ್ಜಿ ಕುಡುಗೋಲು ಕಾಯಿಸಿ ಕತ್ತಿಗೆ ಒತ್ತಿದ್ದನ್ನು ಕಂಬದ ಮರೆಯಿಂದ ನೋಡಿದವಳು ಶಿವರಂಜಿನಿ. ಕಾಯಿಲೆ ಮಾತ್ರೆಯಲ್ಲಿ ವಾಸಿಯಾಯಿತು, ಕಲೆ ಉಳಿಯಿತು. ಫಿಟ್ಸ್ ಇದ್ದ ಹುಡುಗಿ ಎಂದು ತಿಳಿದಿದ್ದರೆ ಆ ಸಂಬಂಧ ಕೂಡುತ್ತಿರಲಿಲ್ಲ.

"ಸುಮ್ಕಿರಮ್ಮಿ," ಅವ್ವ ಉಸಿರಿನಲ್ಲೇ ಅಂದಳು. "ನಿಮ್ಮಕ್ಕನ ಬಾಳು ಕಣಮ್ಮಿ."

ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಬಸ್ಸಿನಲ್ಲಿ ಟಿಕೆಟ್ ಕೇಳಲೂ ನಾಚುವವಳು, ಶಿವರಂಜಿನಿ ಗಾಜಿನ ತೂತಿಗೆ ಬಾಯಿ ತಂದಳು.

"ಸಾ, ಅದು ಬರೆ."

"ಬರೀತೀನಮ್ಮ. ಏನಂತ ಬರೀಲಿ, ಅದ್ನ ಹೇಳು." ಮಹದೇವಪ್ರಸಾದ್ ಪೆನ್ನು ಹಿಡಿದು ಕಾದ.

ಪಕ್ಕದಲ್ಲಿ ನಿಂತಿದ್ದ ನಾಗೇಂದ್ರನೂ ತಿರುಗಿದ. ಅವ್ವನ ಉಗುರು ಚರ್ಮಕ್ಕಿಳಿಯಿತು.

"ಬರಿ ಅಂತಲ್ಲ ಸಾ. ಕುಡ್ಲು ಕಾಸಿ ಹಾಕ್ತಾರಲ್ಲ, ಆ ಬರೆ." ಮುಂದಿನದನ್ನು ಭಾವನ ಚಪ್ಪಲಿ ನೋಡುತ್ತ ಹೇಳಿದಳು. "ಚಿಕ್ಕೋಳಿದ್ದಾಗ ಅಕ್ಕಂಗೆ ಫಿಟ್ಸ್ ಬರ್ತಿತ್ತು ಭಾವ. ನಮ್ಮಜ್ಜಿ ಹಾಕ್ಬುಟ್ರು."

ಡಾಕ್ಟರು ಸುಟ್ಟ ಕಲೆ ಎಂದು ಬರೆದುಕೊಟ್ಟರೆ, ಹಳೇ ಫೋಟೋ ಇದ್ದರೆ, ಇನ್ಶೂರೆನ್ಸಿನವರಿಗೆ ಇನ್ನೊಮ್ಮೆ ಕಳಿಸಿ ನೋಡಬಹುದು ಎಂದ ಮಹದೇವಪ್ರಸಾದ್.

ನಾಗೇಂದ್ರ ಫೋನಿನಲ್ಲಿ ಕ್ಲಿನಿಕ್ಕಿನವರು ಮೊದಲು ತೆಗೆದಿದ್ದ ಫೋಟೋ ಹುಡುಕಿದ. ಬೆರಳುದ್ದದ ಗೆರೆ, ಕುಡುಗೋಲಿನಂತೆಯೇ ಬಾಗಿತ್ತು. ಫೋನನ್ನು ಲಕ್ಷ್ಮಿದೇವಿಯ ಮುಂದೆ ಹಿಡಿದ.

"ಮಚ್ಚೆ ಅಂದಿದ್ರಲ್ಲ ಅತ್ತೆ."

ಲಕ್ಷ್ಮಿದೇವಿ ಸೆರಗಿನ ತುದಿ ನೋಡುತ್ತಿದ್ದಳು. ನಾಗೇಂದ್ರ ಫೋನನ್ನು ಜೇಬಿಗಿಟ್ಟ. ಮೆಟ್ಟಿಲು ಹತ್ತಿದವನು ಅರ್ಧದಲ್ಲಿ ನಿಂತು ತಿರುಗಿದ.

"ಬಾರಮ್ಮಿ. ಡಾಕ್ಟರತ್ರನೂ ನೀನೇ ಹೇಳು. ಗಟ್ಟಿಯಾಗಿ ಹೇಳು."