ಓಬಳಮ್ಮನ ಚರಣ

ಜಂಗಮಕೋಟೆಯ ಭಾನುಪ್ರಕಾಶ ಹುಳದ ಮನೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದ. ರೇಷ್ಮೆಹುಳ ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಹಿಂದೆ ಹಳೆಯ ಕಂಬಳಿ ತುರುಕಿದರೆ ಸದ್ದು ಮಾರ್ದನಿಸುವುದಿಲ್ಲ ಎಂದು ಕಂಡುಕೊಂಡವನು ಅವನೇ. ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬುದ್ಧಿಯನ್ನು ಎಲ್ಲಿ ನಿಲ್ಲಿಸಬೇಕೋ ಅದು ಮಾತ್ರ ಪುಣ್ಯಾತ್ಮನಿಗೆ ತಿಳಿಯಲಿಲ್ಲ.

ಕೈವಾರದ ಜಾತ್ರೆಯಲ್ಲಿ ಹಾಡಲಿದ್ದ ಕೆಂಚಾರ್ಲಹಳ್ಳಿಯ ಹೆಂಗಸರ ಭಜನೆ ತಂಡ ಬಂದು ಒಂದು ಹಾಡು ಹೇಳಿ ಹೋಗಿತ್ತು. ಮುಂದಾಳು ಅಮ್ಮಾಜಮ್ಮ. ನಡುವಿನ ಒಂದು ಚರಣ ಮಾತ್ರ ಓಬಳಮ್ಮನದು. ಅದನ್ನು ಕಟ್ಟಿದವಳೂ ಆ ಮುದುಕಿಯೇ. ಗಂಟಲು ಒಡೆದಿತ್ತು, ಶ್ರುತಿ ಅತ್ತಿತ್ತ ಜಾರುತ್ತಿತ್ತು. ಭಾನು ಮಿಕ್ಸಿಂಗಿಗೆ ಕೂತು ಕಂಪ್ಯೂಟರಿನಲ್ಲಿ ಆ ದನಿಯನ್ನು ಎಳೆದ, ತಿದ್ದಿದ, ಎಕೋ ಸುರಿದ. ತಿದ್ದಿದಷ್ಟೂ ತಗಡು ಬಡಿದಂತೆ ಕೇಳಿತು. ಸಾಕಾಗಿ, ಹೆಂಡತಿ ಶ್ರೀವಿದ್ಯಾಳಿಂದ ಅದೇ ಚರಣ ಹಾಡಿಸಿ, ಓಬಳಮ್ಮನದನ್ನು ಅಳಿಸಿಯೇಬಿಟ್ಟ.

"ಅಜ್ಜಿಗೆ ಗೊತ್ತಾಗಲ್ವೇನ್ರೀ?" ಎಂದಳು ಶ್ರೀವಿದ್ಯಾ.

"ಯಾರಿಗ್ ಗೊತ್ತಾಗ್ತದೆ ಬಿಡೇ. ಹಾಡು ಚೆನ್ನಾಗ್ ಬಂದ್ರೆ ಸಾಕು."

ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗೂ ಮುಗಿಯಿತು. ಕೇಳಲು ತಂಡದವರೆಲ್ಲ ಬಂದರು. ಓಬಳಮ್ಮ ಹೊಸ ಸೀರೆ ಉಟ್ಟು ಸ್ಪೀಕರಿನ ಮುಂದೆಯೇ ಕೂತಳು. ಅವಳ ಚರಣ ಬಂತು ನೋಡಿ, ತಾಳ ಹಾಕುತ್ತಿದ್ದ ಹೆಂಗಸರ ಕೈ ಹಾಗೇ ನಿಂತಿತು. ಎಷ್ಟೋ ವರ್ಷ ಪಕ್ಕದಲ್ಲಿ ಕೂತು ಹಾಡಿದವರಿಗೆ ದನಿಯ ಗುರುತು ಸಿಗದಿದ್ದೀತೆ? ಎಲ್ಲರೂ ಭಾನುವನ್ನೇ ನೋಡಿದರು. ಅವನು ಸುಮ್ಮಸುಮ್ಮನೆ ಮೌಸ್ ಆಡಿಸಿದ.

ಓಬಳಮ್ಮನಿಗೆ ಮಾತ್ರ ಏನೂ ತಿಳಿಯಲಿಲ್ಲ. ಹೊರಗಿನವರಿಗೆ ಕೇಳಿಸುವಂತೆ ತನ್ನ ದನಿಯನ್ನು ಅವಳು ಜನ್ಮದಲ್ಲಿ ಕೇಳಿದವಳಲ್ಲ.

"ಅಬ್ಬಬ್ಬಾ, ಇದು ನಾನೇನೇ ಅಮ್ಮಾಜಿ? ನನ್ ಗಂಟ್ಲು ಇಷ್ಟ್ ಚೆನ್ನಾಗೈತಾ?" ಅವಳ ಕಣ್ಣು ತುಂಬಿತು. "ಒಡಕು ಗಂಟ್ಲು ಅಂತ ಇಷ್ಟ್ ದಿನ ಸುಮ್ನೆ ಹಿಂದೆ ಕೂತ್ಕೊಂತಿದ್ನಲ್ಲೇ!"

ಅಮ್ಮಾಜಮ್ಮ ಅವಳ ಕೈ ಹಿಡಿದು, "ಹೂ ಕಣಕ್ಕಾ, ನೀನೇ," ಎಂದಳು.

ಓಬಳಮ್ಮ ಭಾನುವಿನ ಕೆನ್ನೆ ಸವರಿ ನೆಟಿಗೆ ಮುರಿದಳು. "ನೂರ್ಕಾಲ ಚೆನ್ನಾಗಿರು ನಾಯ್ನಾ." ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹರಸಿದಳಲ್ಲ, ನಾಚಿಕೆಯಿಂದ ಅವನ ಕಿವಿಯವರೆಗೂ ಬಿಸಿಯೇರಿತು.

ಹೊರಡುವಾಗ ಅಮ್ಮಾಜಮ್ಮ ಹಿಂದೆ ಉಳಿದಳು. "ಅವ್ಳ್ ಹೇಳಿದ್ದು ಐತಾ, ಇಲ್ವಾ?"

"ಇಲ್ಲಮ್ಮ. ಅಳಿಸ್ಬಿಟ್ಟೆ."

"ಥೂ ನಿನ್ನ! ಅವ್ಳ್ ಕಟ್ಟಿದ್ ಪದ ಬೇಕು, ಅವ್ಳ್ ಗಂಟ್ಲು ಬೇಡ್ವೇನೋ?"

ಭಾನು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಲಿಗೆ ಬಿದ್ದು, ಇನ್ನೊಮ್ಮೆ ಹಾಡಿಸಿಕೊಳ್ಳೋಣ ಎಂದು ಅಂಗಳಕ್ಕೆ ಓಡಿದ.

ಓಬಳಮ್ಮ ಜಗಲಿಯ ಮೇಲೆ ಕೂತು, ಆಗಷ್ಟೇ ಅವನು ಹಾಡು ಕಳಿಸಿದ್ದ ತನ್ನ ಮೊಬೈಲನ್ನು ಕಿವಿಗೆ ಒತ್ತಿಕೊಂಡಿದ್ದಳು. ತನ್ನ ದನಿಯನ್ನು ಸಣ್ಣಗೆ ಹಿಂಡಿ ಹಾಡುತ್ತಿದ್ದಳು, ತಪ್ಪಿತೆಂದು ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದಳು.

"ಬಾ ನಾಯ್ನಾ, ಇನ್ನೊಂದ್ ಸಲ ಹಾಕು. ಆವತ್ತು ಎಷ್ಟ್ ನುಣ್ಣಗೆ ಹೇಳ್ಬಿಟ್ಟಿದೀನಿ ನೋಡು! ಈಗ ಹಂಗೆ ಬರ್ತಾನೇ ಇಲ್ಲ. ಕೈವಾರದಲ್ಲಿ ಎಲ್ರ ಮುಂದೆ ಹಿಂಗೇ ಹೇಳ್ಬೇಕಲ್ಲಪ್ಪ, ಕಲ್ತ್ಕೊಂತೀನಿ."

ಭಾನು ತಲೆ ತಗ್ಗಿಸಿಕೊಂಡೇ ಹಾಡು ಹಾಕಿದ.