ಓದು ತಪ್ಪಿದ ಸಂಜೆ

ರಾಹೇಲವ್ವ ಅಕ್ಷರ ಕಲಿತವಳಲ್ಲ. ಬೆಟಗೇರಿಯಿಂದ ಗಂಡ ದೇವದಾಸನ ಜೊತೆ ಪುಣೆಗೆ ಬಂದು ರವಿವಾರ ಪೇಟೆಯಲ್ಲಿ ಹಲವು ಸಂಸಾರಗಳಿದ್ದ ವಾಡೆಯೊಂದರಲ್ಲಿ ಕೋಣೆ ಹಿಡಿದ ಮೇಲೆ ದಿನಾ ಸಂಜೆ ಅವನು ವೇದಪುಸ್ತಕ ಓದುವುದು, ಇವಳು ರೊಟ್ಟಿ ಬಡಿಯುತ್ತ ಕೇಳುವುದು ರೂಢಿಯಾಗಿತ್ತು. ಕೊನೆಯ ಪ್ರಾರ್ಥನೆಯೂ ಅವನದೇ. ಇವಳದು ಬರೀ ಆಮೆನ್. ಲಷ್ಕರಿನ ದರ್ಜಿ ಅಂಗಡಿಯಲ್ಲಿ ದಿನವಿಡೀ ಸಿಪಾಯಿಗಳ ಕೋಟು ಹೊಲಿದು ಬಂದರೂ ಅವನು ಓದು ಬಿಡುತ್ತಿರಲಿಲ್ಲ. ಅವನಿಗೆ ಅದರಲ್ಲಿ ಸಂತೋಷವಿತ್ತು. ಅವಳಿಗಿದ್ದದ್ದು ಭಯ. ಚಿಕ್ಕಂದಿನಲ್ಲಿ, ಮನೆಯವರು ಕ್ರೈಸ್ತರಾಗುವ ಮೊದಲು, ದೀಪ ಹಚ್ಚುವುದು ತಪ್ಪಿದರೆ ದೇವಿ ಮುನಿಯುತ್ತಾಳೆಂದು ಅಜ್ಜಿ ಹೇಳುತ್ತಿದ್ದಳು. ದೇವರು ಬದಲಾದರೂ ಆ ಅಂಜಿಕೆ ಬದಲಾಗಿರಲಿಲ್ಲ.

ಆ ವರ್ಷ ಚಳಿಗಾಲಕ್ಕೆ ಊರಲ್ಲಿ ಮತ್ತೆ ಪ್ಲೇಗಿನ ಸುದ್ದಿ ಎದ್ದಿತು. ಒಂದು ಸಂಜೆ ದೇವದಾಸ ದಣಿದು ಬಂದವನು ಉಂಡವನೇ ನಿದ್ದೆ ಹೋದ. ಪುಸ್ತಕ ಗೂಡಿನಲ್ಲೇ ಉಳಿಯಿತು. ಎಬ್ಬಿಸಲೋ ಬೇಡವೋ ಎಂದು ಕೂತ ರಾಹೇಲವ್ವ ಕೊನೆಗೆ ಎಬ್ಬಿಸಲಿಲ್ಲ. ಬೆಳಗ್ಗೆ ನೀರಿಗೆಂದು ಕೆಳಗಿಳಿದಾಗ ಮೆಟ್ಟಿಲ ಬುಡದಲ್ಲಿ ಇಲಿ ಸತ್ತು ಬಿದ್ದಿತ್ತು.

ಇಲಿ ಬಿದ್ದ ವಾಡೆ ಖಾಲಿ ಮಾಡಬೇಕೆಂದು ಮುನಸಿಪಾಲಟಿಯವರು ಬಂದು ಹೇಳಿದರು. ಎಲ್ಲರೂ ನದಿಯಾಚೆ ಬಯಲಿನಲ್ಲಿ ಹುಲ್ಲಿನ ಗುಡಿಸಲು ಕಟ್ಟಿಕೊಂಡರು. ಯಾತಕ್ಕೆ ಹೀಗಾಯಿತೆಂದು ತನಗೆ ಗೊತ್ತಿದೆ ಎಂದುಕೊಂಡಳು ರಾಹೇಲವ್ವ. ಗಂಡನಿಗೆ ಹೇಳಲಿಲ್ಲ. ಬದಲಿಗೆ ಬೆಳಗ್ಗೆಯೂ ಓದಿ ಎಂದಳು, ಮಧ್ಯಾಹ್ನ ಮನೆಯಲ್ಲಿದ್ದರೆ ಆಗಲೂ ಓದಿ ಎಂದಳು. ಅವನ ಗಂಟಲು ಒಣಗಿದರೂ ಬಿಡಲಿಲ್ಲ. ಅವನು ನಕ್ಕು, ದೇವರೇನು ಕಿವುಡನೇ ಎಂದು ಕೇಳಿದ. ಅವಳಿಗೆ ನಗು ಬರಲಿಲ್ಲ.

ಒಂದು ಮುಂಜಾನೆ ಅವನಿಗೆ ಜ್ವರ ಬಂತು. ಸಂಜೆಯೊಳಗೆ ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಆಸ್ಪತ್ರೆಯ ಗಾಡಿ ಬಂದು ಕರೆದೊಯ್ಯಿತು. ಅವಳನ್ನು ಹತ್ತಲು ಬಿಡಲಿಲ್ಲ.

ಗಾಡಿಯ ಸದ್ದು ಅಡಗಿದ ಮೇಲೆ ರಾಹೇಲವ್ವ ದೀಪ ಹಚ್ಚಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು. ಇವತ್ತೂ ತಪ್ಪಿದರೆ ಅವನು ಉಳಿಯುವುದಿಲ್ಲ ಎಂಬುದೊಂದೇ ಯೋಚನೆ. ಹಾಳೆ ತೆರೆದಳು. ಇರುವೆಯ ಸಾಲಿನಂಥ ಕರಿ ಗೆರೆಗಳು.

ಆಗ ಪಕ್ಕದ ಗುಡಿಸಲಿನ ಕಾಶವ್ವ ಒಳಗೆ ಬಂದಳು. ವಾಡೆಯಲ್ಲೂ ನೆರೆಯವಳೇ, ಅವಳ ಗಂಡ ಮುರುಗೆಪ್ಪ ಅರಿವೆ ಅಂಗಡಿಯ ಗುಮಾಸ್ತ. ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಇದೇ ಬಯಲಿನಲ್ಲಿ ಹಿಂದಿನ ವಾರ ತೀರಿಕೊಂಡಿದ್ದಳು. ಕಾಶವ್ವ ಪಕ್ಕದಲ್ಲಿ ಕೂತಳು. ರಾಹೇಲವ್ವನಿಗೆ ತಡೆಯಲಾಗಲಿಲ್ಲ.

"ಒಂದ ಸಂಜಿ ಓದೂದು ತಪ್ಪಿಸಿದ್ವಿ ಅಕ್ಕಾ. ಅದಕ್ಕ ಹಿಂಗಾತು."

"ನಮ್ಮ ನೆಗೆಣ್ಣಿ ಒಂದ ದಿನಾನೂ ಲಿಂಗಪೂಜಿ ತಪ್ಪಿಸಿದಾಕಿ ಅಲ್ಲ ತಂಗಿ," ಎಂದಳು ಕಾಶವ್ವ. "ಜ್ವರದಾಗೂ ಮಾಡಿದ್ಲು."

ಆ ಮಾತು ಕೇಳಿ ರಾಹೇಲವ್ವನಿಗೆ ಸಮಾಧಾನವಾಗಲಿಲ್ಲ, ಇನ್ನೂ ಹೆದರಿಕೆಯಾಯಿತು. ಇದು ತಪ್ಪಿಗೆ ಬಂದ ಶಿಕ್ಷೆಯಾಗಿದ್ದರೆ ತಪ್ಪು ತಿದ್ದಿಕೊಂಡು ಪಾರಾಗಬಹುದಿತ್ತು. ಈಗ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಪುಸ್ತಕದಲ್ಲಿ ಏನಿದೆ ಎಂದು ಕಾಶವ್ವ ಕೇಳಿದಳು. ಓದಲು ಬಾರದು, ಕುರಿ ಕಾಯುವವನ ಕೀರ್ತನೆಯೊಂದು ಕೇಳಿ ಕೇಳಿ ಬಾಯಿಪಾಠವಾಗಿದೆ ಎಂದಳು ಇವಳು. ದೇವದಾಸ ಆ ಹಾಳೆಗೆ ಕೆಂಪು ದಾರ ಇಟ್ಟಿದ್ದ. ಕಾಶವ್ವ ಗಂಡನಿಂದ ಅಷ್ಟಿಷ್ಟು ಅಕ್ಷರ ಕಲಿತಿದ್ದಳು. ದೀಪ ಹತ್ತಿರ ಎಳೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿದಳು. ಅವಳಿಗೆ ಆ ಮಾತುಗಳ ಪರಿಚಯವಿಲ್ಲ. ಅರ್ಧಕ್ಕೆ ನಿಂತರೆ ರಾಹೇಲವ್ವ ಪೂರ್ತಿ ಮಾಡುವಳು, ಮಾಡಿ ಆ ಅಕ್ಷರಗಳನ್ನು ದಿಟ್ಟಿಸುವಳು. ಸಾವಿನ ಕತ್ತಲಲ್ಲೂ ಜೊತೆಗೊಬ್ಬನಿದ್ದಾನೆ ಎನ್ನುವ ಸಾಲಿಗೆ ಬಂದಾಗ ಇಬ್ಬರೂ ಓದು ನಿಲ್ಲಿಸಿದರು.

ಇನ್ನು ಪ್ರಾರ್ಥನೆ. ಗಂಡನ ಮಾತುಗಳಾವುವೂ ನೆನಪಿಗೆ ಬರಲಿಲ್ಲ. ರಾಹೇಲವ್ವ ಕಣ್ಣು ಮುಚ್ಚಿ, "ತಂದೀ, ನನಗ ಭಾಳ ಅಂಜಿಕಿ ಆಗ್ಯಾದ. ಇಲ್ಲೇ ಇರು," ಎಂದಳು. ಅಷ್ಟೇ ಬಂದದ್ದು.

ಅಂದಿನಿಂದ ಸಂಜೆ ಇಬ್ಬರೂ ಕೂತು ಓದಿದರು. ಬೆಳಗ್ಗೆ ರಾಹೇಲವ್ವ ಆಸ್ಪತ್ರೆಯ ಬೇಲಿಯ ತನಕ ನಡೆದು ಹೋಗಿ ಗಂಡನ ಹೆಸರು ಹೇಳುತ್ತಿದ್ದಳು. ಕಾವಲಿನವನು ಒಳಗೆ ವಿಚಾರಿಸಿ ಬಂದು "ಆಹೇ" ಎನ್ನುತ್ತಿದ್ದ. ಇದ್ದಾನೆ. ಆ ಒಂದು ಮರಾಠಿ ಮಾತಿಗಾಗಿ ಕಾಯುವಾಗ ಪ್ರತಿ ಸಲವೂ ಬೇಲಿಯ ಗೂಟ ಹಿಡಿದು ನಿಲ್ಲುತ್ತಿದ್ದಳು. ಪಕ್ಕದಲ್ಲಿ ನಿಂತವರಿಗೆ ಬೇರೆ ಉತ್ತರ ಸಿಕ್ಕಿದ್ದನ್ನು ಅವಳು ಕಂಡಿದ್ದಳು. ಓದಿದ್ದರಿಂದ ಅವನು ಉಳಿದಾನೆಂದು ಈಗ ನಂಬುತ್ತಿರಲಿಲ್ಲ. ಓದದೆ ಆ ದಾರಿ ನಡೆಯಲಾಗದು ಎಂದಷ್ಟೇ ತಿಳಿದಿತ್ತು.

ಒಂದು ದಿನ ಕಾವಲಿನವನು ಏನೂ ಹೇಳದೆ ಬೇಲಿಯ ಆ ತುದಿಗೆ ಕೈ ತೋರಿಸಿದ. ಹೆಣ ಒಪ್ಪಿಸಲು ಕರೆಯುತ್ತಿದ್ದಾರೆಂದುಕೊಂಡು ಅವಳು ಕಾಲೆಳೆಯುತ್ತ ಹೋದಳು. ಅಲ್ಲಿ ತಟ್ಟಿಗೆ ಒರಗಿ, ತಲೆ ಬೋಳಿಸಿದ, ಎಲುಬಿನ ಹಂದರದಂಥ ಮನುಷ್ಯ ಕೂತಿದ್ದ. ಅವನು ಕೈಯೆತ್ತಿದ ಮೇಲೆಯೇ ದೇವದಾಸನೆಂದು ಗುರುತು ಸಿಕ್ಕಿತು. ಗಂಟು ಒಡೆದು ಜ್ವರ ಇಳಿದಿದೆ, ಇನ್ನೂ ಕೆಲವು ವಾರ ಇಲ್ಲೇ ಇರಬೇಕಂತೆ ಎಂದ. ದನಿ ಕೀರಲಾಗಿತ್ತು. ಆಮೇಲೆ ನೆಲ ನೋಡುತ್ತ ಹೇಳಿದ:

"ಒಳಗ ನನಗ ಒಂದ ಮಾತೂ ನೆನಪಾಗಲಿಲ್ಲ. ಇಷ್ಟ ವರ್ಷ ಓದಿದ್ದು ಎಲ್ಲಾ ಹೋತು. ಬರೀ ಅಂಜಿಕಿ."

ಅವನೂ ಅಂಜುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಹತ್ತಿರ ಹೋಗುವಂತಿರಲಿಲ್ಲ, ಮುಟ್ಟುವಂತಿರಲಿಲ್ಲ. ಬೇಲಿಯ ಈಚೆ ಮಣ್ಣಿನಲ್ಲಿ ಕೂತು, ಸೆರಗು ತಲೆಗೆಳೆದುಕೊಂಡು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಅವಳೇ ಪ್ರಾರ್ಥನೆ ಶುರು ಮಾಡಿದಳು. ತಮ್ಮವರ ಸುದ್ದಿಗೆ ಕಾದು ನಿಂತಿದ್ದವರು ತಿರುಗಿ ನೋಡಿದರು. ಅವಳು ನಿಲ್ಲಿಸಲಿಲ್ಲ. ಆಚೆಯಿಂದ ಬಹಳ ಮೆಲ್ಲಗೆ ಆಮೆನ್ ಕೇಳಿಸಿತು.